ಕ್ವಾಲಿಟಿ ಮೋಡಾ, ಪರ್ಫಾರ್ಮೆನ್ಸ್ ಮೋಡಾ? ಎಲ್ಲಾ 16.7 ಮಿಲಿಸೆಕೆಂಡಿನ ಲೆಕ್ಕ

ಓದುಗರ ಪ್ರಶ್ನೆ: ಹೊಸದಾಗಿ ಪಿಎಸ್ 5 ತಗೊಂಡಿದೀನಿ ಸರ್, 55 ಇಂಚಿನ 4ಕೆ ಟಿವಿ ಇದೆ. ಯಾವ ಗೇಮ್ ಹಾಕಿದ್ರೂ ಕ್ವಾಲಿಟಿ ಮೋಡ್ ಬೇಕಾ, ಪರ್ಫಾರ್ಮೆನ್ಸ್ ಮೋಡ್ ಬೇಕಾ ಅಂತ ಕೇಳುತ್ತೆ. ಒಂದ್ರಲ್ಲಿ ಚಿತ್ರ ಸಕತ್ತಾಗಿದೆ, ಆದ್ರೆ ಕ್ಯಾಮೆರಾ ತಿರುಗಿಸಿದ್ರೆ ಕಣ್ಣಿಗೆ ಹಿಂಸೆ. ಇನ್ನೊಂದು ಸಲೀಸಾಗಿ ಓಡುತ್ತೆ, ಆದ್ರೆ ದೂರದ ಗಿಡಮರ ಎಲ್ಲ ಮಂಜು ಮಂಜು. ಇಷ್ಟು ದುಡ್ಡು ಕೊಟ್ಟು ತಗೊಂಡ ಮಿಷಿನ್ ಎರಡನ್ನೂ ಒಟ್ಟಿಗೆ ಯಾಕೆ ಕೊಡಲ್ಲ? 4ಕೆ, 120 ಅಂತೆಲ್ಲ ಹೇಳ್ಕೊಂಡು ಮಾರ್ತಾರಲ್ಲ? ಗೇಮ್ ಮಾಡೋರು ಸೋಮಾರಿಗಳಾ? ಪ್ರೋ ತಗೊಂಡಿದ್ರೆ ಈ ತಲೆನೋವು ಇರ್ತಿರ್ಲಿಲ್ವಾ?

ಉತ್ತರ:

ಮೊದ್ಲು ನೇರವಾಗಿ ಹೇಳ್ಬಿಡ್ತೀನಿ, ಕಾರಣ ಆಮೇಲೆ. ನಿಮ್ಮ ಟಿವಿ 60 ಹರ್ಟ್ಸ್‌ದಾಗಿದ್ರೆ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸೋದು), ಕ್ಯಾಮೆರಾ ತಿರುಗಿಸೋ ಕೆಲಸ ನಿಮ್ಮ ಕೈಲೇ ಇರೋ ಗೇಮ್ ಆಗಿದ್ರೆ, ಪರ್ಫಾರ್ಮೆನ್ಸ್ ಮೋಡ್ ಇಟ್ಕೊಳ್ಳಿ, ಬಹುಪಾಲು ಗೇಮ್‌ಗಳಿಗೆ ಅದೇ ಸರಿ. ಟಿವಿ 120 ಹರ್ಟ್ಸ್ ಆಗಿದ್ದು ಗೇಮ್‌ನಲ್ಲಿ 40 ಎಫ್‌ಪಿಎಸ್ (ಸೆಕೆಂಡಿಗೆ 40 ಫ್ರೇಮ್, ಅಂದ್ರೆ 40 ಚಿತ್ರ) ಅಂತ ಒಂದು ಆಯ್ಕೆ ಇದ್ರೆ ಬೇರೆ ಏನೂ ಯೋಚಿಸದೆ ಅದನ್ನ ಮೊದ್ಲು ನೋಡಿ. ಕ್ವಾಲಿಟಿ ಮೋಡ್ ನಾನು ಇಡೋದು ಎರಡೇ ಸಂದರ್ಭದಲ್ಲಿ, ನಿಧಾನಕ್ಕೆ ನಡ್ಕೊಂಡು ಸುತ್ತಮುತ್ತ ನೋಡ್ಕೊಂಡು ಹೋಗೋ ತರದ ಗೇಮ್ ಆಗಿದ್ರೆ, ಇಲ್ಲಾ ಪರ್ಫಾರ್ಮೆನ್ಸ್ ಮೋಡ್ 60 ಅಂತ ಹೇಳ್ಕೊಂಡು 45ಕ್ಕೂ 55ಕ್ಕೂ ನಡುವೆ ಒದ್ದಾಡ್ತಾ ಇದ್ರೆ. ಇನ್ನು ಸೋಮಾರಿತನದ ಮಾತು, ಅದನ್ನ ನಾನು ಒಪ್ಪಲ್ಲ, ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸ್ತೀನಿ.

ಸೆಕೆಂಡಿಗೆ 60 ಫ್ರೇಮ್ ಬೇಕು ಅಂದ್ರೆ ಒಂದೊಂದು ಫ್ರೇಮ್ ರೆಡಿ ಮಾಡೋಕೆ ಮಿಷಿನ್‌ಗೆ ಸಿಗೋ ಟೈಮ್ 16.7 ಮಿಲಿಸೆಕೆಂಡ್. 30 ಸಾಕು ಅಂದ್ರೆ 33.3 ಸಿಗುತ್ತೆ. 120 ಬೇಕು ಅಂದ್ರೆ ಬರೀ 8.3. ರೆಸಲ್ಯೂಷನ್ (ಚಿತ್ರದಲ್ಲಿರೋ ಪಿಕ್ಸೆಲ್ ಚುಕ್ಕೆಗಳ ಎಣಿಕೆ), ನೆರಳು, ಬೆಳಕು, ಹುಲ್ಲು, ಹೊಗೆ, ಶತ್ರುಗಳ ಬುದ್ಧಿ, ಒಡೆದು ಬೀಳೋ ಗೋಡೆ, ಎಲ್ಲದರ ಖರ್ಚೂ ಇದೇ ಒಂದು ಗಂಟಿನಿಂದ ಹೋಗ್ಬೇಕು. ಕನ್ಸೋಲ್‌ನಲ್ಲಿ ಹಾರ್ಡ್‌ವೇರ್ ಬದಲಾಗಲ್ಲ, ಪಿಸಿ ತರ ಇನ್ನೊಂದು ಕಾರ್ಡ್ ಹಾಕ್ಕೊಳ್ಳೋ ಹಾಗಿಲ್ಲ, ಹಾಗಾಗಿ ಒಂದು ಕಡೆ ಕೊಟ್ಟಿದ್ದು ಇನ್ನೊಂದು ಕಡೆಯಿಂದ ಬಂದಿರ್ಲೇಬೇಕು. ಮಾರೋರು ಹೇಳೋ 4ಕೆ 120 ಅನ್ನೋದು ಎಚ್‌ಡಿಎಂಐ 2.1 ಕೇಬಲ್ ಮೂಲಕ ಟಿವಿಗೆ ಅಂಥ ಸಿಗ್ನಲ್ ಕಳಿಸೋ ತಾಕತ್ತು ಈ ಮಿಷಿನ್‌ಗಿದೆ ಅನ್ನೋ ಮಾತು ಅಷ್ಟೇ. ಆ ಸಿಗ್ನಲ್ ತುಂಬೋ ಅಷ್ಟು ಚಿತ್ರವನ್ನ ಪ್ರತಿ ಗೇಮೂ ಬಿಡಿಸುತ್ತೆ ಅಂತ ಅದರರ್ಥ ಅಲ್ಲ.

ಈಗ ಪಿಕ್ಸೆಲ್ ಲೆಕ್ಕ ನೋಡಿ. 1080ಪಿ ಅಂದ್ರೆ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿ ಅಂದ್ರೆ 36.9 ಲಕ್ಷ, 4ಕೆ ಅಂದ್ರೆ 2160ಪಿ, 82.9 ಲಕ್ಷ. ಹೆಸರು ಕೇಳಿದ್ರೆ 1080ರಿಂದ 2160, ಡಬಲ್ ಆಯ್ತು ಅನ್ಸುತ್ತೆ, ಆದ್ರೆ ಉದ್ದ ಅಗಲ ಎರಡೂ ಡಬಲ್ ಆಗೋದ್ರಿಂದ ಕೆಲಸ ನಾಲ್ಕು ಪಟ್ಟು. ಹಾಗಿದ್ರೆ 4ಕೆಯಿಂದ 1440ಪಿಗೆ ಇಳಿಸಿದ್ರೆ ಪಿಕ್ಸೆಲ್ ಶೇಕಡಾ 44ಕ್ಕೆ ಬಂತು, ಅಂದ್ರೆ 30 ಎಫ್‌ಪಿಎಸ್ ಇದ್ದಿದ್ದು ಸುಲಭವಾಗಿ 60 ದಾಟ್ಬೇಕಲ್ಲ ಅಂತ ನೀವು ಕೇಳ್ಬಹುದು, ತುಂಬಾ ಜನ ಕೇಳ್ತಾರೆ. ದಾಟಲ್ಲ. ಯಾಕಂದ್ರೆ ಫ್ರೇಮಿನ ಎಲ್ಲಾ ಕೆಲಸ ಪಿಕ್ಸೆಲ್ ಎಣಿಕೆ ಮೇಲೆ ನಿಂತಿರಲ್ಲ. ನೆರಳು ಎಲ್ಲಿ ಬೀಳ್ಬೇಕು ಅಂತ ಲೆಕ್ಕ ಹಾಕೋಕೆ ಬಿಡಿಸೋ ಶ್ಯಾಡೋ ಮ್ಯಾಪ್ ತನ್ನದೇ ಸೈಜಲ್ಲಿರುತ್ತೆ, ಸ್ಕ್ರೀನ್ 4ಕೆ ಆಗ್ಲಿ 1080 ಆಗ್ಲಿ ಅದಕ್ಕೇನೂ ಆಗ್ಬೇಕಾಗಿಲ್ಲ. ಪಾತ್ರಗಳನ್ನ ಕಟ್ಟಿರೋ ಪುಟ್ಟ ಪುಟ್ಟ ತ್ರಿಕೋನಗಳನ್ನ ಜಾಗಕ್ಕೆ ಕೂರಿಸೋದು, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ಪ್ರತಿಬಿಂಬ, ನೆರಳು ಬಿಡಿಸೋದು) ಇದ್ರೆ ಕಿರಣಗಳು ಬೇಗ ಹುಡುಕೋಕಾಗೋ ಹಾಗೆ ಸೀನಿನ ವಸ್ತುಗಳನ್ನೆಲ್ಲ ಪ್ರತಿ ಫ್ರೇಮ್‌ನಲ್ಲೂ ಜೋಡಿಸಿಡೋದು, ಇವೆಲ್ಲ ರೆಸಲ್ಯೂಷನ್ ಇಳಿಸಿದ್ರೂ ಹೆಚ್ಚುಕಮ್ಮಿ ಅಷ್ಟೇ ಟೈಮ್ ತಿನ್ನುತ್ವೆ.

ಒಂದು ಗೇಮ್ ಇದೆ ಅಂತ ಇಟ್ಕೊಳ್ಳೋಣ, 4ಕೆಯಲ್ಲಿ ಒಂದು ಫ್ರೇಮಿಗೆ ಜಿಪಿಯು (ಮಿಷಿನ್‌ನಲ್ಲಿ ಚಿತ್ರ ಬಿಡಿಸೋ ಭಾಗ) 30 ಮಿಲಿಸೆಕೆಂಡ್ ತಗೊಳುತ್ತೆ, ಅದ್ರಲ್ಲಿ 20 ಪಿಕ್ಸೆಲ್‌ಗೆ ಸಂಬಂಧಪಟ್ಟಿದ್ದು, 10 ಸಂಬಂಧವಿಲ್ಲದ್ದು. 1440ಪಿಗೆ ಇಳಿಸಿದ್ರೆ 20 ಇದ್ದಿದ್ದು 9ಕ್ಕೆ ಬರುತ್ತೆ, ಆದ್ರೆ ಆ 10 ಹಾಗೇ ಉಳಿಯುತ್ತೆ, ಒಟ್ಟು 19. ನಮಗೆ ಬೇಕಾಗಿದ್ದು 16.7. ಇನ್ನೂ 2 ಮಿಲಿಸೆಕೆಂಡ್ ಚಿಲ್ಲರೆ ಎಲ್ಲಿಂದಾದ್ರೂ ತರ್ಬೇಕು. ಬರೀ ರೆಸಲ್ಯೂಷನ್‌ನಿಂದಲೇ ತರ್ತೀನಿ ಅಂದ್ರೆ ಪಿಕ್ಸೆಲ್‌ಗಳನ್ನ ಮೂರನೇ ಒಂದು ಭಾಗಕ್ಕೆ ಇಳಿಸ್ಬೇಕು, ಅಂದ್ರೆ ಸುಮಾರು 1250ಪಿ. ಇಲ್ಲಾ 1440ಪಿಯಲ್ಲೇ ಇಟ್ಕೊಂಡು ನೆರಳಿನ ಗುಣಮಟ್ಟ, ಹುಲ್ಲಿನ ದಟ್ಟಣೆ, ರೇ ಟ್ರೇಸಿಂಗ್ ಇವುಗಳಿಗೆ ಕೈ ಹಾಕ್ಬೇಕು. ನಿಮಗೆ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ ದೂರದ ಮರ ಮಂಜಾಗಿ ಕಾಣಿಸ್ತಲ್ಲ, ಅದು ಇದೇ ಲೆಕ್ಕದ ಫಲ. ಜೊತೆಗೆ 30 ಮಿಲಿಸೆಕೆಂಡ್ ಅಂತ ಸರಾಸರಿ ಹಿಡಿಯೋ ಹಾಗೂ ಇಲ್ಲ, ಬಾಂಬ್ ಸಿಡಿದು ಸ್ಕ್ರೀನ್ ತುಂಬಾ ಹೊಗೆ ತುಂಬಿದಾಗಲೂ ಆ ಗಡುವಿನೊಳಗೆ ಮುಗೀಬೇಕು, ಅದಕ್ಕೇ ಎಷ್ಟೋ ಗೇಮ್‌ಗಳು ಡೈನಾಮಿಕ್ ರೆಸಲ್ಯೂಷನ್ ಇಟ್ಕೊಂಡಿರ್ತವೆ, ಸೀನ್ ಭಾರ ಆದಾಗ ಪಿಕ್ಸೆಲ್ ಕಮ್ಮಿ, ಹಗುರ ಆದಾಗ ಜಾಸ್ತಿ. ಪಿಎಸ್ 3 ಕಾಲದಲ್ಲೇ, 2008ರಲ್ಲಿ ಬಂದ ವೈಪ್‌ಔಟ್ ಎಚ್‌ಡಿ ಈ ಉಪಾಯ ಮಾಡಿ 60 ಕಾಪಾಡ್ಕೊಂಡಿತ್ತು. ನಿಮ್ಮ ಕ್ವಾಲಿಟಿ ಮೋಡ್ ಮೇಲೆ 4ಕೆ ಅಂತ ಬರೆದಿದ್ರೂ ಒಳಗೆ ಎಷ್ಟೋ ಸಲ 1600ಪಿಯೋ 1800ಪಿಯೋ ಓಡ್ತಾ ಇರುತ್ತೆ, ನೀವು ಗಮನಿಸಿಲ್ಲ ಅಂದ್ರೆ ಅದನ್ನ ಚೆನ್ನಾಗಿ ಮಾಡಿದಾರೆ ಅಂತಲೇ ಅರ್ಥ.

ಇಷ್ಟೂ ಜಿಪಿಯು ಕಥೆ. ಸಿಪಿಯು ಕಥೆ ಬೇರೇನೇ ಇದೆ, ಅಲ್ಲಿ ರೆಸಲ್ಯೂಷನ್ ಇಳಿಸಿದ್ರೆ ಮೂರು ಕಾಸಿನ ಉಪಯೋಗ ಇಲ್ಲ. ಊರಿನ ತುಂಬಾ ಓಡಾಡೋ ಜನ ಏನು ಮಾಡ್ಬೇಕು ಅಂತ ತೀರ್ಮಾನಿಸೋದು, ಫಿಸಿಕ್ಸ್, ಅನಿಮೇಷನ್, ಮುಂದಿನ ಬೀದಿಯನ್ನ ಲೋಡ್ ಮಾಡ್ಕೊಳ್ಳೋದು, ಜಿಪಿಯುಗೆ ಇಂಥದ್ದು ಬಿಡಿಸು ಅಂತ ಆರ್ಡರ್ ಬರೆದು ಕಳಿಸೋದು, ಇದೆಲ್ಲ ಸಿಪಿಯು ಕೆಲಸ. ಇದೇ 25 ಮಿಲಿಸೆಕೆಂಡ್ ಆಗ್ತಾ ಇದ್ರೆ ನೀವು 720ಪಿಗೆ ಇಳಿಸಿದ್ರೂ 60 ಬರಲ್ಲ. 2024ರ ಮಾರ್ಚ್‌ನಲ್ಲಿ ಬಂದ ಡ್ರ್ಯಾಗನ್ಸ್ ಡಾಗ್ಮಾ 2ರಲ್ಲಿ ಪಟ್ಟಣದೊಳಗೆ ಹೋದ್ರೆ ಫ್ರೇಮ್ ರೇಟ್ ಕುಸಿಯೋದಕ್ಕೆ ಕಾರಣ ಇದೇ, ಅಲ್ಲಿನ ಪಾತ್ರಗಳ ಭಾರ ಸಿಪಿಯು ಮೇಲೆ ಬೀಳುತ್ತೆ ಅಂತ ಅದನ್ನ ಮಾಡಿದ ಕ್ಯಾಪ್‌ಕಾಮ್‌ನವ್ರೇ ಹೇಳಿದ್ರು. ಬಾಲ್ಡರ್ಸ್ ಗೇಟ್ 3ರ ಮೂರನೇ ಅಂಕದ ನಗರದಲ್ಲೂ ಇದೇ ಪಾಡು.

ಪಿಎಸ್ 4 ಕಾಲದ ಅಷ್ಟೊಂದು ಗೇಮ್‌ಗಳು 30ರಲ್ಲೇ ನಿಂತಿದ್ದು ಯಾಕೆ ಅಂತ ಈಗ ಅರ್ಥ ಆಗುತ್ತೆ. 2013ರಲ್ಲಿ ಬಂದ ಪಿಎಸ್ 4ರಲ್ಲಿ ಇದ್ದಿದ್ದು 1.6 ಗಿಗಾಹರ್ಟ್ಸ್‌ನ ಜಾಗ್ವಾರ್ ಕೋರ್‌ಗಳು, ಮೂಲತಃ ಸಣ್ಣ ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳಿಗೆ ಅಂತ ಮಾಡಿದ್ದ ಬಡಪಾಯಿ ಸಿಪಿಯು. 2016ರಲ್ಲಿ ಪಿಎಸ್ 4 ಪ್ರೋ ಬಂದಾಗ ಜಿಪಿಯು 1.84 ಟೆರಾಫ್ಲಾಪ್‌ನಿಂದ (ಲೆಕ್ಕ ಹಾಕೋ ವೇಗದ ಅಳತೆ) 4.2ಕ್ಕೆ ಜಿಗೀತು, ಸಿಪಿಯು ಮಾತ್ರ ಅದೇ ಜಾಗ್ವಾರ್, 2.13 ಗಿಗಾಹರ್ಟ್ಸ್. ಜಿಪಿಯು ಎರಡು ಪಟ್ಟಿಗೂ ಜಾಸ್ತಿ, ಸಿಪಿಯು ಮೂರನೇ ಒಂದು ಭಾಗದಷ್ಟು ಮಾತ್ರ ಜಾಸ್ತಿ. ಆ ಹೆಚ್ಚಿನ ಜಿಪಿಯು ಬಲವನ್ನ ಏನು ಮಾಡೋದು? ಫ್ರೇಮ್ ರೇಟ್ ಡಬಲ್ ಮಾಡೋಕೆ ಸಿಪಿಯು ಬಿಡಲ್ಲ, ಹಾಗಾಗಿ ಪಿಕ್ಸೆಲ್ ಮೇಲೆ ಸುರಿದ್ರು. 2020ರಲ್ಲಿ ಪಿಎಸ್ 5 ಮತ್ತೆ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬಂದಾಗ ನಿಜವಾದ ಬದಲಾವಣೆ ಆಗಿದ್ದು ಜೆನ್ 2 ಅನ್ನೋ ಎಷ್ಟೋ ಬಲಶಾಲಿ ಸಿಪಿಯುನಿಂದ, ಅದಕ್ಕೇ ಈ ಪೀಳಿಗೆಯಲ್ಲಿ 60ರ ಮೋಡ್ ಅನ್ನೋದು ಹೆಚ್ಚುಕಮ್ಮಿ ಎಲ್ಲಾ ಗೇಮ್‌ನಲ್ಲೂ ಕಾಣಿಸೋಕೆ ಶುರುವಾಯ್ತು. ಟೆರಾಫ್ಲಾಪ್ ಎಷ್ಟು ಅಂತ ಕಿತ್ತಾಡೋರು ಈ ಸಿಪಿಯು ವಿಷಯ ಮರೆತೇಬಿಡ್ತಾರೆ, ನನಗೆ ಅದು ಬೇಜಾರು.

ಸೋಮಾರಿತನದ ಮಾತಿಗೆ ಬರೋಣ. ಈ ಕೊಡು ತಗೋ ವ್ಯವಹಾರ ಹೊಸದೇನಲ್ಲ, ಮೊದ್ಲು ಅದನ್ನ ಸ್ಟುಡಿಯೋದವ್ರು ಒಳಗೇ ತೀರ್ಮಾನ ಮಾಡಿ ಕೊಡ್ತಿದ್ರು, ಈಗ ನಿಮ್ಮನ್ನ ಕೇಳ್ತಾರೆ, ಅಷ್ಟೇ ವ್ಯತ್ಯಾಸ. 2007ರಲ್ಲಿ ಕಾಲ್ ಆಫ್ ಡ್ಯೂಟಿ 4 ಪಿಎಸ್ 3, ಎಕ್ಸ್‌ಬಾಕ್ಸ್ 360ಯಲ್ಲಿ 60 ಎಫ್‌ಪಿಎಸ್‌ಗೋಸ್ಕರ 1024×600ರಲ್ಲಿ ಓಡ್ತಿತ್ತು, ಆ ಕಾಲದ 720ಪಿ ಕೂಡ ಇಲ್ಲ. ಅದೇ ವರ್ಷ ಹೇಲೋ 3 ಬೆಳಕಿನ ಗುಣಮಟ್ಟಕ್ಕೋಸ್ಕರ 1152×640ಕ್ಕೆ ಇಳೀತು, ಅದೂ 30ರಲ್ಲಿ. ಒಂದೇ ವರ್ಷ, ಒಂದೇ ಎಕ್ಸ್‌ಬಾಕ್ಸ್ ಮೇಲೆ, ಒಬ್ರು ಪಿಕ್ಸೆಲ್ ಬಿಟ್ಟು ವೇಗ ತಗೊಂಡ್ರು, ಇನ್ನೊಬ್ರು ಪಿಕ್ಸೆಲ್ ಬಿಟ್ಟು ಬೆಳಕು ತಗೊಂಡ್ರು, ಎರಡೂ ಗೇಮನ್ನ ಜನ ವರ್ಷಗಟ್ಲೆ ಆಡಿದ್ರು. 2015ರ ಹೇಲೋ 5 ಇನ್ನೂ ಮುಂದೆ ಹೋಯ್ತು, 60 ಕಾಪಾಡೋಕೆ ರೆಸಲ್ಯೂಷನ್ ಏರಿಳಿಸ್ತಿತ್ತು, ಅದು ಸಾಲದು ಅಂತ ದೂರ ಇರೋ ಶತ್ರುಗಳ ಅನಿಮೇಷನ್‌ನ ಮಾತ್ರ ಅರ್ಧ ವೇಗದಲ್ಲಿ ಓಡಿಸ್ತಿತ್ತು, ಅಂದ್ರೆ ಗೇಮ್ 60ರಲ್ಲಿದ್ರೂ ದೂರದಲ್ಲಿ ನಡೆಯೋನು 30ರಲ್ಲಿ ಕಾಲು ಹಾಕ್ತಿದ್ದ. ಒಂದೊಂದು ಮಿಲಿಸೆಕೆಂಡಿಗೂ ಹೀಗೆ ಪರದಾಡೋರನ್ನ ಸೋಮಾರಿಗಳು ಅನ್ನೋಕೆ ನನಗೆ ಬಾಯಿ ಬರಲ್ಲ.

ನನಗೆ ಇಷ್ಟದ ಉದಾಹರಣೆ 2014ರ ದ ಲಾಸ್ಟ್ ಆಫ್ ಅಸ್ ರಿಮಾಸ್ಟರ್ಡ್. ಪಿಎಸ್ 4ರಲ್ಲಿ 1080ಪಿ, 60. ಅದ್ರಲ್ಲಿ 30ಕ್ಕೆ ಲಾಕ್ ಮಾಡೋ ಒಂದು ಸ್ವಿಚ್ ಇಟ್ಟಿದ್ರು, ಅದನ್ನ ಹಾಕಿದ್ರೆ ನೆರಳುಗಳ ಗುಣಮಟ್ಟ ಏರ್ತಿತ್ತು. ಅಷ್ಟೇ, ಫ್ರೇಮಿಗೆ ಇನ್ನೊಂದು 16.7 ಮಿಲಿಸೆಕೆಂಡ್ ಸಿಕ್ಕಿದ್ದಕ್ಕೆ ಎದ್ದು ಕಾಣೋ ಲಾಭ ಅಂದ್ರೆ ಸ್ವಲ್ಪ ಚೂಪಾದ ನೆರಳು. ಆ ಸ್ವಿಚ್ ಎರಡು ಸಲ ಆ ಕಡೆ ಈ ಕಡೆ ಮಾಡಿದ್ರೆ ಈ ಇಡೀ ಚರ್ಚೆ ಕಣ್ಮುಂದೆ ಬರ್ತಿತ್ತು, ನಿಂತ್ಕೊಂಡು ನೋಡಿದ್ರೆ 30 ಚೆಂದ, ಓಡೋಕೆ ಶುರು ಮಾಡಿದ್ರೆ 60 ಚೆಂದ.

ಇದನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಡೀ ಉತ್ತರದ ಜೀವ ಇಲ್ಲಿದೆ, ಮತ್ತೆ ಟ್ರೈಲರ್, ಸ್ಕ್ರೀನ್‌ಶಾಟ್ ನೋಡಿ ತೀರ್ಮಾನ ಮಾಡೋರಿಗೆ ಇದು ಯಾವತ್ತೂ ಗೊತ್ತಾಗಲ್ಲ. ನಿಮ್ಮ 55 ಇಂಚಿನ ಟಿವಿಯ ಅಗಲ ಸುಮಾರು 122 ಸೆಂಟಿಮೀಟರ್. ಅದ್ರಲ್ಲಿ 3840 ಪಿಕ್ಸೆಲ್ ಅಡ್ಡಡ್ಡ ಕೂತಿವೆ, ಅಂದ್ರೆ ಒಂದೊಂದೂ ಸುಮಾರು 0.3 ಮಿಲಿಮೀಟರ್. ಈಗ ಬಲಗೈ ಸ್ಟಿಕ್ ನಿಧಾನಕ್ಕೆ ತಳ್ಳಿ, ಒಂದು ಮರ ಸ್ಕ್ರೀನಿನ ಬಲತುದಿಯಿಂದ ಎಡತುದಿಗೆ ಬರೋಕೆ 2 ಸೆಕೆಂಡ್ ತಗೊಳ್ಳೋ ಹಾಗೆ. ಇದು ವೇಗವೇ ಅಲ್ಲ, ಶೂಟಿಂಗ್ ಗೇಮ್‌ನಲ್ಲಿ ಇದರ ಹತ್ತು ಪಟ್ಟು ತಿರುಗಿಸ್ತೀವಿ. ಈ ನಿಧಾನದ ತಿರುವಲ್ಲೂ ಆ ಮರ ಸೆಕೆಂಡಿಗೆ 1920 ಪಿಕ್ಸೆಲ್ ಸರೀತಾ ಇರುತ್ತೆ. 30 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮಿಂದ ಮುಂದಿನ ಫ್ರೇಮಿಗೆ 64 ಪಿಕ್ಸೆಲ್ ಜಿಗಿತ, ಅಂದ್ರೆ 2 ಸೆಂಟಿಮೀಟರ್. ನಿಮ್ಮ ಕಣ್ಣು ಮಾತ್ರ ಜಿಗಿಯಲ್ಲ, ಅದು ಮರದ ಹಿಂದೆ ಒಂದೇ ಸಮ ಜಾರ್ತಾ ಇರುತ್ತೆ. ಈಗಿನ ಎಲ್‌ಸಿಡಿ, ಓಎಲ್‌ಇಡಿ ಟಿವಿಗಳು ಒಂದು ಫ್ರೇಮ್ ತೋರಿಸಿದ್ಮೇಲೆ ಮುಂದಿನದು ಬರೋವರೆಗೂ ಅದನ್ನ ಹಾಗೇ ಹಿಡ್ಕೊಂಡಿರ್ತವೆ, ಚಿತ್ರ 33 ಮಿಲಿಸೆಕೆಂಡ್ ನಿಂತಲ್ಲೇ ನಿಂತಿದೆ, ಅಷ್ಟರಲ್ಲಿ ಕಣ್ಣು 2 ಸೆಂಟಿಮೀಟರ್ ಮುಂದೆ ಹೋಗಿಬಿಟ್ಟಿದೆ. ಆ 2 ಸೆಂಟಿಮೀಟರ್ ಉದ್ದಕ್ಕೂ ಎಲೆಯ ಅಂಚು ಒರೆಸಿದ ಹಾಗೆ ಕಾಣುತ್ತೆ. 0.3 ಮಿಲಿಮೀಟರ್ ಸೂಕ್ಷ್ಮ ಬೇಕು ಅಂತ 82 ಲಕ್ಷ ಪಿಕ್ಸೆಲ್ ಬಿಡಿಸಿದ್ರಿ, ಕ್ಯಾಮೆರಾ ಅಲುಗಾಡಿದ ಕ್ಷಣ ಅದರ ಅರವತ್ತು ಪಟ್ಟು ಅಗಲಕ್ಕೆ ಎಲ್ಲಾ ಕಲಸಿಹೋಯ್ತು. 60ರಲ್ಲಿ ಆ ಮಸುಕು ಅರ್ಧ ಆಗುತ್ತೆ, 120ರಲ್ಲಿ ಕಾಲು. ಅಂದ್ರೆ ಚಲನೆಯಲ್ಲಿ ಕಾಣೋ ಸ್ಪಷ್ಟತೆಯನ್ನ ತೀರ್ಮಾನ ಮಾಡೋದು ಮುಖ್ಯವಾಗಿ ಫ್ರೇಮ್ ರೇಟೇ. ನೀವು ಹೇಳಿದ ಕಣ್ಣಿನ ಹಿಂಸೆ ಇದೇ, ಟಿವಿ ಓಎಲ್‌ಇಡಿ ಆಗಿದ್ರೆ ಇನ್ನೂ ಜಾಸ್ತಿ ಅನ್ಸುತ್ತೆ, ಯಾಕಂದ್ರೆ ಅದರ ಪಿಕ್ಸೆಲ್ ತಕ್ಷಣ ಬದಲಾಗಿ ಪ್ರತಿ ಜಿಗಿತವನ್ನೂ ಕಡ್ಡಿ ಮುರಿದ ಹಾಗೆ ತೋರಿಸುತ್ತೆ.

ಕೈಗೂ ಇದರ ಅನುಭವ ಆಗುತ್ತೆ. ಬಟನ್ ಒತ್ತಿದ್ದು ಸ್ಕ್ರೀನಲ್ಲಿ ಕಾಣಿಸೋಕೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಫ್ರೇಮ್ ಹಿಡಿಯುತ್ತೆ, ಗೇಮ್ ಅದನ್ನ ಓದ್ಬೇಕು, ಸಿಪಿಯು ಲೆಕ್ಕ ಹಾಕ್ಬೇಕು, ಜಿಪಿಯು ಬಿಡಿಸ್ಬೇಕು. ಮೂರು ಫ್ರೇಮ್ ಅಂತ ಹಿಡಿದ್ರೆ 60ರಲ್ಲಿ 50 ಮಿಲಿಸೆಕೆಂಡ್, 30ರಲ್ಲಿ 100. ಅದರ ಮೇಲೆ ಟಿವಿಯ ವಿಳಂಬ ಬೇರೆ. ಸರಿಯಾದ ಕ್ಷಣಕ್ಕೆ ಏಟು ತಪ್ಪಿಸ್ಕೋಬೇಕಾದ ಗೇಮ್‌ನಲ್ಲಿ ಈ ವ್ಯತ್ಯಾಸ ಬೆರಳಿಗೆ ನೇರ ಗೊತ್ತಾಗುತ್ತೆ.

ನಿಂತ ಚಿತ್ರದಲ್ಲಾದ್ರೂ 4ಕೆ ಲಾಭ ಪೂರ್ತಿ ಸಿಗುತ್ತಾ ಅಂತ ಕೇಳಿದ್ರೆ, ಅದು ನೀವು ಎಷ್ಟು ದೂರ ಕೂತಿದೀರಿ ಅನ್ನೋದರ ಮೇಲೆ. ಚೆನ್ನಾಗಿರೋ ಕಣ್ಣು ಒಂದು ಡಿಗ್ರಿಯಲ್ಲಿ ಸುಮಾರು 60 ಪಿಕ್ಸೆಲ್ ಬೇರೆ ಬೇರೆಯಾಗಿ ಗುರುತಿಸುತ್ತೆ ಅನ್ನೋದು ರೂಢಿಯ ಲೆಕ್ಕ. ಅದರ ಪ್ರಕಾರ 55 ಇಂಚಿನ ಟಿವಿಯಲ್ಲಿ 4ಕೆಯ ಒಂದೊಂದು ಪಿಕ್ಸೆಲ್ ಕಾಣ್ಬೇಕು ಅಂದ್ರೆ ಸುಮಾರು 1.1 ಮೀಟರ್ ಹತ್ರ ಕೂರ್ಬೇಕು, 2.2 ಮೀಟರ್ ದೂರಕ್ಕೆ ಹೋದ್ರೆ 1080ಪಿಯ ಪಿಕ್ಸೆಲ್ ಕೂಡ ಬಿಡಿಬಿಡಿಯಾಗಿ ಕಾಣೋ ಅಂಚಲ್ಲಿರುತ್ತೆ. ಸೋಫಾ ಮೇಲೆ ಕೂತು ಆಡೋರು ಸಾಮಾನ್ಯವಾಗಿ ಎರಡು ಮೀಟರ್‌ಗಿಂತ ಹತ್ರ ಇರಲ್ಲ. ಹಾಗಂತ 1080 ಸಾಕು ಅಂತ ಪೂರ್ತಿ ಹೇಳೋ ಹಾಗೂ ಇಲ್ಲ, ಯಾಕಂದ್ರೆ ಗೇಮ್ ಚಿತ್ರಕ್ಕೆ ಒಂದು ಸಮಸ್ಯೆ ಇದೆ, ಸಿನಿಮಾ ಕ್ಯಾಮೆರಾ ತರ ಅದು ಬೆಳಕನ್ನ ಒಟ್ಟುಗೂಡಿಸಲ್ಲ, ಪ್ರತಿ ಪಿಕ್ಸೆಲ್‌ಗೂ ಒಂದು ಬಿಂದು ನೋಡಿ ಬಣ್ಣ ಹಾಕುತ್ತೆ. ತಂತಿ, ಬೇಲಿ, ಹುಲ್ಲಿನ ಎಸಳು ಇಂಥ ತೆಳ್ಳಗಿನವು ಆ ಬಿಂದುವಿಗೆ ಒಂದು ಫ್ರೇಮ್ ಸಿಗುತ್ವೆ, ಇನ್ನೊಂದು ಫ್ರೇಮ್ ಸಿಗಲ್ಲ, ಅದಕ್ಕೇ ಮಿಣಮಿಣ ಅಂತ ಮಿನುಗೋದು. ಆ ಮಿನುಗು ದೂರದಿಂದಲೂ ಕಣ್ಣಿಗೆ ರಾಚುತ್ತೆ, ಪಿಕ್ಸೆಲ್ ಜಾಸ್ತಿ ಆದ ಹಾಗೆ ಕಮ್ಮಿ ಆಗುತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ ಸೋಫಾ ದೂರಕ್ಕೆ 1440ಪಿ ಆಸುಪಾಸಿನ ಚಿತ್ರ, ಮಿನುಗು ಹಿಡಿತದಲ್ಲಿದ್ರೆ, ಸಾಕೋ ಸಾಕು. ಅಲ್ಲಿಂದ ಮೇಲೆ 4ಕೆವರೆಗಿನ 46 ಲಕ್ಷ ಪಿಕ್ಸೆಲ್‌ಗೆ ಕೊಡೋ ಬೆಲೆ ಈ ಇಡೀ ವ್ಯವಹಾರದಲ್ಲೇ ಅತಿ ನಷ್ಟದ ಖರ್ಚು.

ಫ್ರೇಮ್ ರೇಟ್, ರೆಸಲ್ಯೂಷನ್ ಆಯ್ತು, ಮೂರನೇದು ಡೀಟೇಲ್, ಇದನ್ನ ಒಂದೇ ಗಂಟು ಕಟ್ಟಿ ಮಾತಾಡೋಕಾಗಲ್ಲ. ಟೆಕ್ಸ್ಚರ್ (ಗೋಡೆ, ಬಟ್ಟೆ, ಚರ್ಮದ ಮೇಲೆ ಅಂಟಿಸೋ ಚಿತ್ರ) ಗುಣಮಟ್ಟ ತಿನ್ನೋದು ಮುಖ್ಯವಾಗಿ ಮೆಮೊರಿಯನ್ನ, ಟೈಮನ್ನಲ್ಲ, ಹಾಗಾಗಿ ಸಾಮಾನ್ಯವಾಗಿ ಎರಡೂ ಮೋಡ್‌ನಲ್ಲಿ ಅದು ಒಂದೇ ಇರುತ್ತೆ. ಪರ್ಫಾರ್ಮೆನ್ಸ್ ಮೋಡ್‌ನಲ್ಲಿ ಹೋಗೋದು ನೆರಳಿನ ಚೂಪು, ದೂರದ ಹುಲ್ಲು, ಬೀದಿಯಲ್ಲಿ ಜನಸಂದಣಿ, ಮತ್ತೆ ರೇ ಟ್ರೇಸಿಂಗ್. ಇವುಗಳಲ್ಲಿ ನೆರಳು ಸ್ವಲ್ಪ ಮೃದು ಆದ್ರೆ ಆಡ್ತಾ ಆಡ್ತಾ ಐದು ನಿಮಿಷದಲ್ಲಿ ಮರೆತುಹೋಗುತ್ತೆ. ರೇ ಟ್ರೇಸಿಂಗ್ ಹಾಗಲ್ಲ. ಸ್ಪೈಡರ್‌ಮ್ಯಾನ್: ಮೈಲ್ಸ್ ಮೊರಾಲಿಸ್ 2020ರಲ್ಲಿ ಬಂದಾಗ ರೇ ಟ್ರೇಸಿಂಗ್ ಜೊತೆ 30, ಇಲ್ಲದೆ 60, ಎರಡೇ ಆಯ್ಕೆ ಇತ್ತು. ಗಾಜಿನ ಕಟ್ಟಡಗಳ ಊರಲ್ಲಿ ಹಾರಾಡೋ ಗೇಮು, ಆ ಗಾಜುಗಳಲ್ಲಿ ಎದುರಿನ ಬೀದಿ ನಿಜವಾಗಿ ಪ್ರತಿಬಿಂಬಿಸಿದ್ರೆ ಊರಿಗೇ ಜೀವ ಬಂದ ಹಾಗೆ. ಅದೇ ಡಿಸೆಂಬರ್‌ನಲ್ಲಿ ಅದನ್ನ ಮಾಡಿದ ಇನ್ಸೋಮ್ನಿಯಾಕ್‌ನವ್ರು ಮೂರನೇ ಮೋಡ್ ಕೊಟ್ರು, 60 ಜೊತೆಗೆ ರೇ ಟ್ರೇಸಿಂಗ್, ಆದ್ರೆ ರೆಸಲ್ಯೂಷನ್ ಇಳಿಸಿ, ಪ್ರತಿಬಿಂಬದ ಗುಣಮಟ್ಟ, ಬೀದಿಯ ಜನ ಎಲ್ಲ ಕಮ್ಮಿ ಮಾಡಿ. ನನ್ನ ಪ್ರಕಾರ ಆ ಗೇಮಿಗೆ ಸರಿಯಾದ ಉತ್ತರ ಅದೇ. ಯಾವ ಡೀಟೇಲ್ ಆ ಗೇಮಿನ ಪ್ರಾಣವೋ ಅದನ್ನ ಉಳಿಸ್ಕೊಂಡು ಪಿಕ್ಸೆಲ್‌ನ ಬಿಟ್ಕೊಟ್ರು.

ಫ್ರೇಮ್ ರೇಟ್ ಅಂದಾಗ ಸಂಖ್ಯೆ ಒಂದನ್ನೇ ನೋಡ್ಬೇಡಿ. 60 ಹರ್ಟ್ಸ್ ಟಿವಿ ಪ್ರತಿ 16.7 ಮಿಲಿಸೆಕೆಂಡಿಗೆ ಒಂದು ಸಲ ಚಿತ್ರ ಬದಲಿಸುತ್ತೆ. 30ರಲ್ಲಿ ಪ್ರತಿ ಫ್ರೇಮೂ ಎರಡು ಸಲ ಕಾಣಿಸ್ಕೋಬೇಕು, 33, 33, 33 ಅಂತ. ಈ ಸಮನಾದ ತಾಳಕ್ಕೆ ಫ್ರೇಮ್ ಪೇಸಿಂಗ್ ಅಂತಾರೆ, ಅದು ಕೆಟ್ರೆ ಒಂದು ಫ್ರೇಮ್ 16.7 ಇದ್ದು ಹೋಗುತ್ತೆ, ಮುಂದಿನದು 50 ನಿಲ್ಲುತ್ತೆ. ಸೆಕೆಂಡಿಗೆ ಎಣಿಸಿದ್ರೆ 30 ಸರಿಯಾಗೇ ಬರುತ್ತೆ, ಕಣ್ಣಿಗೆ ಮಾತ್ರ ಮುಗ್ಗರಿಸಿದ ಹಾಗೆ. 2015ರ ಬ್ಲಡ್‌ಬೋರ್ನ್ ಇದಕ್ಕೆ ಹೆಸರುವಾಸಿ, ಅಷ್ಟೊಳ್ಳೆ ಗೇಮಿಗೆ ಅದೊಂದು ಕೊರತೆ. ಒಂದೇ ಸಮ ಓಡೋ 30, ಏರಿಳಿಯೋ 50ಕ್ಕಿಂತ ವಾಸಿ ಅಂತ ನಾನು ಹೇಳೋದು ಇದಕ್ಕೇ.

ಏರಿಳಿಯೋ 50ನ್ನ ಸಹಿಸೋ ಹಾಗೆ ಮಾಡೋದು ವಿಆರ್‌ಆರ್, ಗೇಮ್ ಫ್ರೇಮ್ ಕೊಟ್ಟಾಗ ಮಾತ್ರ ಟಿವಿ ಚಿತ್ರ ಬದಲಿಸೋ ವ್ಯವಸ್ಥೆ. ಪಿಎಸ್ 5ಕ್ಕೆ ಇದು 2022ರ ಏಪ್ರಿಲ್‌ನಲ್ಲಿ ಬಂತು, ಆದ್ರೆ ಅದು ಕೆಲಸ ಮಾಡೋದು 48ರಿಂದ 120 ಹರ್ಟ್ಸ್ ಒಳಗೆ, 48ಕ್ಕಿಂತ ಕೆಳಗೆ ಬಿದ್ರೆ ಸಾಮಾನ್ಯವಾಗಿ ಮತ್ತೆ ಹಳೇ ಮುಗ್ಗರಿಕೆ. 40ರ ಮೋಡ್ ನನಗೆ ಇಷ್ಟ ಆಗೋಕೂ ಲೆಕ್ಕವೇ ಕಾರಣ. 120 ಹರ್ಟ್ಸ್ ಟಿವಿಯಲ್ಲಿ 40 ಅಂದ್ರೆ ಪ್ರತಿ ಫ್ರೇಮ್ ಮೂರು ಸಲ ಸರಿಯಾಗಿ ಕೂರುತ್ತೆ. ಮತ್ತೆ 30ಕ್ಕೂ 60ಕ್ಕೂ ಮಧ್ಯ 45 ಅಲ್ವಾ ಅನ್ಸುತ್ತೆ, ಟೈಮ್ ಲೆಕ್ಕದಲ್ಲಿ ನೋಡಿ, 33.3ಕ್ಕೂ 16.7ಕ್ಕೂ ಸರಿ ಮಧ್ಯ ಇರೋದು 25 ಮಿಲಿಸೆಕೆಂಡ್, ಅಂದ್ರೆ 40. ಕ್ವಾಲಿಟಿ ಮೋಡ್‌ನಲ್ಲಿ ಎಷ್ಟೋ ಸಲ ಜಿಪಿಯು 33 ಪೂರ್ತಿ ಬಳಸಿರಲ್ಲ, ಮಿಕ್ಕಿದ್ದು ಸುಮ್ನೆ ವ್ಯರ್ಥ, ಸ್ವಲ್ಪ ಬಿಗಿ ಮಾಡಿದ್ರೆ 25ರೊಳಗೆ ಬಂದ್ಬಿಡುತ್ತೆ. ರಾಚೆಟ್ ಆ್ಯಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್‌ಗೆ 2021ರಲ್ಲಿ ಹೀಗೆ ಕೊಟ್ರು, ಆಮೇಲೆ ಬೇರೆಯವ್ರೂ ಹಿಂಬಾಲಿಸಿದ್ರು.

ಇನ್ನು ಪ್ರೋ. 2024ರ ಸೆಪ್ಟೆಂಬರ್‌ನಲ್ಲಿ ಪಿಎಸ್ 5 ಪ್ರೋ ಪರಿಚಯಿಸುವಾಗ ಅದರ ವಿನ್ಯಾಸದ ಮುಖ್ಯಸ್ಥ ಮಾರ್ಕ್ ಸೆರ್ನಿ ಒಂದು ಮಾತು ಹೇಳಿದ್ರು, ಮೋಡ್ ಆರಿಸೋಕೆ ಹೇಳಿದ್ರೆ ಸುಮಾರು ಮುಕ್ಕಾಲು ಪಾಲು ಸಲ ಆಟಗಾರರು ಪರ್ಫಾರ್ಮೆನ್ಸ್‌ನೇ ಆರಿಸ್ತಾರೆ ಅಂತ. ಅಂದ್ರೆ ನಿಮ್ಮ ತಲೆನೋವು ತಲೇಲಿಟ್ಕೊಂಡೇ ಆ ಮಿಷಿನ್ ಮಾಡಿದಾರೆ. ರೆಂಡರಿಂಗ್ ಶೇಕಡಾ 45ರವರೆಗೆ ವೇಗ ಅಂದ್ರು. ಮೇಲಿನ ಲೆಕ್ಕಕ್ಕೆ ಹಾಕಿ ನೋಡಿ, 4ಕೆಯಲ್ಲಿ 30 ಮಿಲಿಸೆಕೆಂಡ್ ಆಗ್ತಿದ್ದ ಕೆಲಸ ಹೆಚ್ಚೆಂದ್ರೆ 21ಕ್ಕೆ ಬರುತ್ತೆ, 16.7 ಇನ್ನೂ ದೂರ. ಹಾಗಾಗಿ ಪೂರ್ತಿ 4ಕೆ ಬಿಡಿಸೋ ಬದ್ಲು ಕಮ್ಮಿ ಪಿಕ್ಸೆಲ್ ಬಿಡಿಸಿ ಪಿಎಸ್‌ಎಸ್‌ಆರ್ ಅನ್ನೋ ಎಐ ಅಪ್‌ಸ್ಕೇಲಿಂಗ್‌ನಿಂದ ಮಿಕ್ಕಿದ್ದನ್ನ ತುಂಬಿಸ್ತಾರೆ. ಹಿಂದಿನ ಫ್ರೇಮ್‌ಗಳಲ್ಲಿ ನೋಡಿದ್ದನ್ನ ನೆನಪಿಟ್ಕೊಂಡು ಈಗಿನ ಫ್ರೇಮಿಗೆ ಸೇರಿಸೋ ವಿದ್ಯೆ ಇದು, 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರಲ್ಲಿ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಮಾಡೋದೂ ಅದನ್ನೇ. ಚಿತ್ರ ನಿಂತಿದ್ದಾಗ ಅದ್ಭುತವಾಗಿ ಕೆಲಸ ಮಾಡುತ್ತೆ. ತೊಂದರೆ ಬರೋದು ಪಾತ್ರ ಪಕ್ಕಕ್ಕೆ ಸರಿದು ಅದರ ಹಿಂದೆ ಇದ್ದ ಜಾಗ ಹೊಸದಾಗಿ ಕಂಡಾಗ, ಆ ಜಾಗದ ನೆನಪು ಯಾವುದೂ ಇರಲ್ಲ, ಓಡ್ತಿರೋ ಪಾತ್ರದ ಸುತ್ತ ಗಿಜಿಗಿಜಿ ಕಾಣೋದು ಅದಕ್ಕೇ. ಮೂಲ ಪಿಕ್ಸೆಲ್ ಎಷ್ಟು ಕಮ್ಮಿಯೋ ಈ ಗಿಜಿಗಿಜಿ ಅಷ್ಟು ಜಾಸ್ತಿ. ಇನ್ನೊಂದು ವಿಷಯ, ಪ್ರೋದಲ್ಲೂ ಸಿಪಿಯು ಹೆಚ್ಚುಕಮ್ಮಿ ಅದೇ ಜೆನ್ 2, ಸಿಪಿಯುನಿಂದ ಸಿಕ್ಕಿಹಾಕ್ಕೊಂಡಿರೋ ಗೇಮಿಗೆ ಅಲ್ಲೂ ಬಿಡುಗಡೆ ಇಲ್ಲ. ನಿಮ್ಮ ಹತ್ರ ಇರೋದನ್ನ ಮಾರಿ ಪ್ರೋ ತಗೊಳ್ಳಿ ಅಂತ ನಾನು ಹೇಳಲ್ಲ.

ಫ್ರೇಮ್ ಜನರೇಷನ್ ಅಂತ ಒಂದು ಇದೆ, ಎರಡು ಫ್ರೇಮ್ ನಡುವೆ ಒಂದನ್ನ ಊಹಿಸಿ ತೂರಿಸೋದು. ಕಣ್ಣಿಗೆ ಸಲೀಸು ಅನ್ಸುತ್ತೆ, ಆದ್ರೆ ಗೇಮ್ ನಿಮ್ಮ ಬಟನ್ ಕೇಳಿಸ್ಕೊಳ್ಳೋದು ಮೂಲ ವೇಗದಲ್ಲೇ, ಮೇಲಾಗಿ ಮುಂದಿನ ಫ್ರೇಮಿಗೆ ಕಾಯ್ಬೇಕಾದ್ರಿಂದ ಸ್ವಲ್ಪ ತಡವೂ ಆಗುತ್ತೆ. 60ನ್ನ 120 ಮಾಡೋಕೆ ಸರಿ, 30ನ್ನ 60 ಮಾಡೋಕೆ ನನಗೆ ಒಗ್ಗಲ್ಲ.

ಈಗ ನೀವು ಮಾಡ್ಬೇಕಾದ್ದು. ಪಿಎಸ್ 5 ಸೆಟ್ಟಿಂಗ್ಸ್‌ನ ಗೇಮ್ ಪ್ರೀಸೆಟ್ಸ್‌ನಲ್ಲಿ ಪರ್ಫಾರ್ಮೆನ್ಸ್ ಮೋಡ್ ಅಂತ ಇಟ್ಬಿಡಿ, ಅದನ್ನ ಪಾಲಿಸೋ ಗೇಮ್‌ಗಳು ಶುರುವಿಂದಲೇ ಹಾಗೆ ಓಡ್ತವೆ. ವೀಡಿಯೊ ಔಟ್‌ಪುಟ್‌ನಲ್ಲಿ 120 ಹರ್ಟ್ಸ್ ಆಟೊಮ್ಯಾಟಿಕ್, ವಿಆರ್‌ಆರ್ ಆಟೊಮ್ಯಾಟಿಕ್, ಟಿವಿ ಒಪ್ಪಿದ್ರೆ. ಟಿವಿಯಲ್ಲಿ ಗೇಮ್ ಮೋಡ್ ಆನ್ ಆಗಿರ್ಲಿ, ಮೋಷನ್ ಸ್ಮೂದಿಂಗ್ (ಟಿವಿಯೇ ನಡುವೆ ಫ್ರೇಮ್ ಊಹಿಸಿ ತೂರಿಸೋದು) ಆಫ್ ಆಗಿರ್ಲಿ. ಹೊಸ ಗೇಮ್ ಹಾಕಿದಾಗ ಮೋಡ್ ಪರೀಕ್ಷೆಯನ್ನ ಮೊದಲ ದೃಶ್ಯದಲ್ಲಿ ಮಾಡ್ಬೇಡಿ, ಅದು ಎಷ್ಟೋ ಸಲ ಹಗುರ ಇರುತ್ತೆ, ಜನ ತುಂಬಿದ ಊರು ಅಥವಾ ದೊಡ್ಡ ಕಾಳಗ ಬರೋವರೆಗೂ ಕಾಯಿರಿ, ಅಲ್ಲಿ ನಿಧಾನಕ್ಕೆ ಒಂದು ಸುತ್ತು ಕ್ಯಾಮೆರಾ ತಿರುಗಿಸಿ, ಎರಡೂ ಮೋಡ್‌ನಲ್ಲಿ ಹತ್ತು ಹತ್ತು ನಿಮಿಷ ಆಡಿ. ಬರೀ ಒಂದು ನಿಮಿಷಕ್ಕೆ ಬದಲಿಸಿದ್ರೆ 60ರಿಂದ 30ಕ್ಕೆ ಬಂದ ಕಣ್ಣಿಗೆ 30 ಇರೋದಕ್ಕಿಂತ ಕೆಟ್ಟದಾಗಿ ಕಾಣುತ್ತೆ, ಒಗ್ಗೋಕೆ ಸ್ವಲ್ಪ ಟೈಮ್ ಕೊಡಿ. ಕಥೆ ನೋಡೋ ತರದ ಗೇಮಿಗೆ ಕ್ವಾಲಿಟಿಯೇ ಇರ್ಲಿ ಅಂತ ನಿಮಗನ್ಸಿದ್ರೆ ಗೇಮ್‌ನೊಳಗೆ ಮೋಷನ್ ಬ್ಲರ್ (ಚಲಿಸೋದನ್ನ ಗೇಮೇ ಸ್ವಲ್ಪ ಮಸುಕು ಮಾಡಿ ತೋರಿಸೋದು) ಆನ್ ಮಾಡಿ, 60ರಲ್ಲಿ ಆಫ್ ಮಾಡೋದು ನಿಮ್ಮಿಷ್ಟ, ಆದ್ರೆ 30ರಲ್ಲಿ ಆ 2 ಸೆಂಟಿಮೀಟರ್ ಜಿಗಿತವನ್ನ ಮುಚ್ಚೋದು ಅದೇ, ಜೊತೆಗೆ ಕ್ಯಾಮೆರಾ ಸೆನ್ಸಿಟಿವಿಟಿಯನ್ನ ಒಂದೆರಡು ಹೆಜ್ಜೆ ಇಳಿಸಿ.